ಗಡಂಕಿ, ಅಹಮದಾಬಾದು, ತಿರುವನಂತಪುರ, ಬೆಂಗ್ಳೂರು, ಪುಣೆ: ಮಳೆ ಮೋಡ ಓದೋಕೆ ಫೆಲೋಶಿಪ್ ಕೊಡೋ ಜಾಗಗಳು, ನಾನು ಸುತ್ತಿ ನೋಡಿದ್ದು

ಹೋದ ತಿಂಗ್ಳು ಶಿರಸಿ ಬಸ್‌ಸ್ಟ್ಯಾಂಡಲ್ಲಿ ನಮ್ಮ ನೆಂಟರ ಪೈಕಿ ಒಬ್ಬ ಮಾಣಿ ಸಿಕ್ಕಿದ್ದ, ಧಾರವಾಡದಲ್ಲಿ ಎಂಎಸ್ಸಿ ಫಿಸಿಕ್ಸ್ ಕೊನೇ ವರ್ಷ, ಬಸ್ಸು ಬರೋವರ್ಗೂ ನನ್ನ ಬಿಡ್ಲೇ ಇಲ್ಲ. ಅಕ್ಕಾ ನಾನೂ ನಿನ್ ಥರ ಅಟ್ಮಾಸ್ಫಿಯರ್ ರಿಮೋಟ್ ಸೆನ್ಸಿಂಗಲ್ಲೇ (ರಾಡಾರು, ಉಪಗ್ರಹ ಇಟ್ಕೊಂಡು ದೂರದಿಂದ ವಾತಾವರಣ ಅಳೆಯೋದು) ಪಿಎಚ್‌ಡಿ ಮಾಡ್ಬೇಕು ಅಂತಿದೀನಿ, ಎಲ್ಲಿ ದುಡ್ಡು ಜಾಸ್ತಿ ಕೊಡ್ತಾರೆ ಹೇಳು ಅಂತ. ಅಷ್ಟೊತ್ತಿಗೆ ಬಸ್ಸು ಬಂತು, ಅರ್ಧಂಬರ್ಧ ಹೇಳಿ ಹತ್ಬಿಟ್ಟೆ. ಉಳಿದಿದ್ದು ಇಲ್ಲಿ.

ಮೊದ್ಲು ದುಡ್ಡಿಂದು ಮುಗಿಸ್ಬಿಡೋಣ, ಯಾಕಂದ್ರೆ ಅದ್ರಲ್ಲಿ ಹೋಲಿಸೋಕೆ ಅಂಥದ್ದೇನೂ ಇಲ್ಲ. ನಾನು ಅರ್ಜಿ ಹಾಕೋಕೆ ಶುರು ಮಾಡ್ದಾಗ ಜೆಆರ್‌ಎಫ್, ಅಂದ್ರೆ ಜೂನಿಯರ್ ರಿಸರ್ಚ್ ಫೆಲೋಶಿಪ್, ತಿಂಗ್ಳಿಗೆ 31,000 ಇತ್ತು, ಆಮೇಲೆ 2023ರ ಜನವರಿಯಿಂದ ಲೆಕ್ಕಕ್ಕೆ ಬರೋ ಹಾಗೆ 37,000 ಮಾಡಿದ್ರು, ಎರಡು ವರ್ಷ ಆಗಿ ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದ್ರೆ 42,000. ಬೆಂಗ್ಳೂರಾದ್ರೂ ಅಷ್ಟೇ ಗಡಂಕಿ ಹಳ್ಳಿ ಆದ್ರೂ ಅಷ್ಟೇ. ವ್ಯತ್ಯಾಸ ಬರೋದು ಮನೆ ಬಾಡಿಗೆ ಭತ್ಯೇಲಿ. ಬೆಂಗ್ಳೂರು, ಅಹಮದಾಬಾದು, ಪುಣೆ ಎಲ್ಲ ಸರ್ಕಾರದ ಭತ್ಯೆ ಲೆಕ್ಕದಲ್ಲಿ ಮೇಲಿನ ಎಕ್ಸ್ ದರ್ಜೆ ಸಿಟಿ, ಅಲ್ಲಿ ಈಗ ನೂರಕ್ಕೆ 30, ಸಣ್ಣ ಊರಾದ್ರೆ 10. ಅಂದ್ರೆ 37,000ಕ್ಕೆ ಒಂದು ಕಡೆ 11,100 ಸೇರುತ್ತೆ, ಇನ್ನೊಂದು ಕಡೆ 3,700. ಕಾಗದದ ಮೇಲೆ ದೊಡ್ಡ ವ್ಯತ್ಯಾಸ. ಆದ್ರೆ ಹಾಸ್ಟೆಲ್ ಕೊಟ್ರೆ ಆ ಭತ್ಯೆ ಇಲ್ವೇ ಇಲ್ಲ, ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ಸಿಟೀಲಿ ಬಂದಿದ್ದು ಬಂದ ಹಾಗೆ ಓನರ್ ಕೈಗೆ ಹೋಗುತ್ತೆ. ನಮ್ಮಜ್ಜ ಕೇಳಿದ್ದು ಮಾತ್ರ ಬೇರೆ, "ಕೂಸೇ, ಮಳೆ ನೋಡಲೆ ಸಂಬಳ ಕೊಡ್ತ್ವಾ?" ಅಂತ. ಅಜ್ಜ ನಲ್ವತ್ತು ವರ್ಷದಿಂದ ತೋಟದ ಮನೆ ಅಂಗಳದಲ್ಲಿ ಪುಕ್ಕಟೆ ಮಳೆ ಅಳೀತಾ ಬಂದವ್ರು, ಇಂಚಿನ ಲೆಕ್ಕದಲ್ಲಿ, ಉದ್ದ ಬೈಂಡಿನ ಪುಸ್ತಕದಲ್ಲಿ. ಅವ್ರಿಗೆ ಹಾಗೆ ಅನ್ಸಿದ್ದು ಸಹಜವೇ.

ಗಡಂಕಿಯಿಂದ ಶುರು ಮಾಡ್ತೀನಿ, ಯಾಕಂದ್ರೆ ನಾನು ಮೊದಲು ಹೋಗಿದ್ದು ಅಲ್ಲಿಗೆ. ಹುಬ್ಬಳ್ಳಿಗೆ ಹೋಗಿ ಹರಿಪ್ರಿಯಾ ಎಕ್ಸ್‌ಪ್ರೆಸ್ ಹತ್ತಿದ್ರೆ ತಿರುಪತಿ, ಅಲ್ಲಿಂದ ಚಿತ್ತೂರು ಕಡೆ ಹೋಗೋ ಬಸ್ಸು. ಕಂಪಾರ್ಟ್‌ಮೆಂಟ್ ತುಂಬ ತಿಮ್ಮಪ್ಪನ ಭಕ್ತರು, ನಾನೊಬ್ಳೇ ಆಂಟೆನಾ ನೋಡೋಕೆ ಹೊರಟವ್ಳು. ಎನ್‌ಎಆರ್‌ಎಲ್ ಅಂದ್ರೆ ನ್ಯಾಷನಲ್ ಅಟ್ಮಾಸ್ಫೆರಿಕ್ ರಿಸರ್ಚ್ ಲ್ಯಾಬೊರೇಟರಿ, ಬಾಹ್ಯಾಕಾಶ ಇಲಾಖೆ ಕೆಳಗೆ ಬರುತ್ತೆ. ಅಲ್ಲಿರೋ ಎಂಎಸ್‌ಟಿ ರಾಡಾರ್, ಅಂದ್ರೆ ವಾತಾವರಣದ ಬೇರೆ ಬೇರೆ ಪದರದ ಗಾಳಿ ಅಳೆಯೋ ರಾಡಾರ್, ಫೋಟೋದಲ್ಲಿ ನೋಡಿದ್ರೆ ಎಂತದೂ ಅನ್ಸಲ್ಲ, ಎದುರು ನಿಂತಾಗ್ಲೇ ಗೊತ್ತಾಗೋದು. 32 ಸಾಲು, ಸಾಲಿಗೆ 32, ಒಟ್ಟು 1024 ಯಾಗಿ ಆಂಟೆನಾ, ನಮ್ಮ ಹಳೇ ದೂರದರ್ಶನದ ಆಂಟೆನಾ ಜಾತಿದೇ, ಎಲ್ಲ ಆಕಾಶಕ್ಕೆ ಮುಖ ಮಾಡ್ಕೊಂಡು ಅಡಿಕೆ ಸಸಿ ನೆಟ್ಟ ಹಾಗೆ ನೆಟ್ಟಿದಾರೆ. 53 ಮೆಗಾಹರ್ಟ್ಸ್.

ಇಂಟರ್‌ವ್ಯೂನಲ್ಲಿ ನನ್ನ ಕೆಡವಿದ್ದೂ ಇದೇ ನಂಬರು. ಮಳೆಯಿಲ್ಲ ಮೋಡವಿಲ್ಲ, ಬರೀ ಗಾಳಿ, ಹಂಗಿದ್ರೂ ಸಿಗ್ನಲ್ ವಾಪಸ್ ಬರುತ್ತಲ್ಲ, ಹೇಗೆ ಅಂತ ಕೇಳಿದ್ರು. ನಾನು ಧೂಳಿನ ಕಣ ಅಂದೆ. ಅಲ್ಲ. 53 ಮೆಗಾಹರ್ಟ್ಸ್ ಅಂದ್ರೆ ತರಂಗದ ಉದ್ದ ಸುಮಾರು 5.7 ಮೀಟರ್, ಗಾಳಿಯ ವಕ್ರೀಭವನ ಸೂಚ್ಯಂಕದಲ್ಲಿ ಅದರ ಅರ್ಧದಷ್ಟು, ಅಂದ್ರೆ 2.8 ಮೀಟರ್ ಆಸುಪಾಸಿನ ಏರಿಳಿತ ಇದ್ರೆ ಅಲ್ಲಿಂದ ಬರೋ ಚದುರಿಕೆ ಒಂದಕ್ಕೊಂದು ಸೇರಿ ಬಲ ಆಗುತ್ತೆ, ಬ್ರ್ಯಾಗ್ ಸ್ಕ್ಯಾಟರಿಂಗ್. ಎಂಎಸ್ಸೀಲಿ ಕ್ರಿಸ್ಟಲ್‌ಗೆ ಓದಿದ್ದೇ ಅದು, ಗಾಳಿಗೂ ನಡೆಯುತ್ತೆ ಅಂತ ಹೊಳೀಲೇ ಇಲ್ಲ. ಅಲ್ಲಿ ಆಯ್ಕೆ ಆಗ್ಲಿಲ್ಲ, ಆದ್ರೆ ಆವತ್ತು ಕಲ್ತಿದ್ದನ್ನ ಇವತ್ತಿಗೂ ಮರ್ತಿಲ್ಲ. ಉಪಕರಣ ಮುಟ್ಟಿ ಕೆಲ್ಸ ಮಾಡ್ಬೇಕು, ರಾತ್ರಿ ಹೊತ್ತು ಲೈಡಾರಿನ (ಲೇಸರ್ ಬಿಟ್ಟು ಗಾಳಿ ಅಳೆಯೋ ಉಪಕರಣ) ಹಸಿರು ಬೆಳಕು ಮೇಲಕ್ಕೆ ಹೋಗೋದು ನೋಡ್ತಾ ಕೂರ್ಬೇಕು, ಸಿನಿಮಾ ಮಾಲ್ ಬೇಡ ಅನ್ನೋರಿಗೆ ಅದಕ್ಕಿಂತ ಒಳ್ಳೇ ಜಾಗ ನಾನು ನೋಡ್ಲಿಲ್ಲ. ಹಳ್ಳಿ, ಬಿಸ್ಲು, ಖಾರದ ಊಟ, ಇಷ್ಟಕ್ಕೆ ತಯಾರಿರ್ಬೇಕು.

ಅಹಮದಾಬಾದಿನ ಪಿಆರ್‌ಎಲ್, ಅಂದ್ರೆ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ, ಇದಕ್ಕೆ ಉಲ್ಟಾ. 1947ರಲ್ಲಿ ವಿಕ್ರಂ ಸಾರಾಭಾಯ್ ಕಟ್ಟಿದ ಸಂಸ್ಥೆ, ವಾತಾವರಣ ವಿಜ್ಞಾನ ಅದರಲ್ಲಿ ಒಂದು ವಿಭಾಗ ಅಷ್ಟೇ, ಪಕ್ಕದಲ್ಲೇ ಖಗೋಳ, ಗ್ರಹ ವಿಜ್ಞಾನ, ಕ್ವಾಂಟಮ್ ಎಲ್ಲ ಇದೆ. ಹಾಗಾಗಿ ಇಂಟರ್‌ವ್ಯೂ ಪೂರ್ತಿ ಫಿಸಿಕ್ಸು. ಹ್ಯಾಮಿಲ್ಟೋನಿಯನ್ ಬರಿ ಅಂದ್ರು, ಮಳೆ ಸುದ್ದಿ ಬಂದಿದ್ದು ಕೊನೇ ಐದು ನಿಮಿಷ. ಮೊದಲ ವರ್ಷ ಕೋರ್ಸ್‌ವರ್ಕ್ ಗಟ್ಟಿಯಾಗಿರುತ್ತೆ, ಆಮೇಲೆ ವಿಷಯ ಆರಿಸ್ಕೊಳ್ಬೋದು, ಬಂದ ಮೊದಲ ದಿನವೇ ಒಬ್ರು ಗೈಡಿಗೆ ಕಟ್ಟಾಕಲ್ಲ, ಇದು ನಂಗೆ ತುಂಬ ಹಿಡಿಸ್ತು. ಇನ್ನೊಂದು, ಇಂಥ ಸಂಸ್ಥೆಗಳಲ್ಲಿ ಫೆಲೋಶಿಪ್ ಕೊಡೋದು ಒಬ್ರು, ಪಿಎಚ್‌ಡಿ ಪದವಿ ಕೊಡೋದು ಇನ್ನೊಬ್ರು. ಪಿಆರ್‌ಎಲ್‌ಗೆ ಐಐಟಿ ಗಾಂಧಿನಗರದ ಜೊತೆ ಒಪ್ಪಂದ ಇದೆ. ಯಾವ ಸಂಸ್ಥೆಗೆ ಹೋದ್ರೂ ಪದವಿ ಯಾವ ಯೂನಿವರ್ಸಿಟಿದು, ಅವ್ರ ಫೀಸು ಯಾರು ಕಟ್ತಾರೆ ಅಂತ ಬಾಯಿಬಿಟ್ಟು ಕೇಳಿ, ಕೇಳಿದ್ರೆ ಯಾರೂ ಬೈಯಲ್ಲ. ದಾಲಿಗೆ ಬೆಲ್ಲ ಹಾಕ್ತಾರೆ ಅಂತ ಜೊತೆಗೆ ಬಂದ ತಮಿಳುನಾಡಿನ ಹುಡ್ಗಿ ಮುಖ ಕಿವುಚ್ತಿದ್ಲು, ಶಿರಸಿಯೋರಿಗೆ ಅದೊಂದು ಸಮಸ್ಯೆಯಾ.

ತಿರುವನಂತಪುರದ ಎಸ್‌ಪಿಎಲ್ (ಸ್ಪೇಸ್ ಫಿಸಿಕ್ಸ್ ಲ್ಯಾಬೊರೇಟರಿ) ಬಗ್ಗೆ ಚಿಕ್ಕದಾಗಿ. ಇಸ್ರೋದ ವಿಎಸ್‌ಎಸ್‌ಸಿ, ಅಂದ್ರೆ ವಿಕ್ರಂ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದ ಒಳಗಿದೆ, 1963ರ ನವೆಂಬರ್ 21ಕ್ಕೆ ನಮ್ಮ ದೇಶದಿಂದ ಮೊದಲ ರಾಕೆಟ್ ಹಾರಿದ್ದು ಅಲ್ಲಿನ ತುಂಬಾ ಅನ್ನೋ ಊರಿಂದ. ಏರೋಸಾಲ್, ಅಂದ್ರೆ ಗಾಳೀಲಿರೋ ಹೊಗೆ ಧೂಳಿನ ಕಣ ಇಷ್ಟ ಇದ್ರೆ ಬೇರೆ ಕಡೆ ನೋಡ್ಲೇಬೇಡಿ, ಎಆರ್‌ಎಫ್‌ಐ ಅಂತ ದೇಶದ ತುಂಬ ಅಳತೆ ಕೇಂದ್ರಗಳ ಜಾಲ ಇಟ್ಟಿರೋರು ಅವ್ರು. ಕಾರವಾರದಲ್ಲಿ ನೇತ್ರಾವತಿ ಹತ್ತಿದ್ರೆ ರೈಲು ಬದ್ಲಿಸೋ ತಾಪತ್ರಯ ಇಲ್ಲ, ಆ ಲೆಕ್ಕದಲ್ಲಿ ನಮ್ಮ ಕರಾವಳಿಯೋರಿಗೆ ಅದೇ ಸಲೀಸು. ನಂಗೆ ಏರೋಸಾಲ್ ಬೇಕಿರ್ಲಿಲ್ಲ, ಅಷ್ಟೇ.

ಬೆಂಗ್ಳೂರಿನ ಐಐಎಸ್‌ಸಿ. ವಾತಾವರಣ ಸಾಗರ ವಿಜ್ಞಾನ ಕೇಂದ್ರ. ನಮ್ಮ ಮನೆಯೋರೆಲ್ಲ ಇಲ್ಲೇ ಸಿಗ್ಲಿ ಅಂತ ಹರಕೆ ಹೊತ್ತಿದ್ರು, ಹೆಸ್ರು ಹೇಳಿದ್ರೆ ಯಾರಿಗೂ ಬಿಡಿಸಿ ಹೇಳೋದು ಬೇಡ ಅಂತ. ಪದವಿ ಅವ್ರದ್ದೇ, ಫೆಲೋಶಿಪ್ ಅವ್ರದ್ದೇ, ಕ್ಯಾಂಪಸ್ಸು ಕಾಡಿನ ಥರ. ಅದ್ರ ಮೇಲೆ ಪಿಎಂಆರ್‌ಎಫ್, ಅಂದ್ರೆ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಸಿಕ್ಕವ್ರ ಕಥೆಯೇ ಬೇರೆ, ಮೊದಲೆರಡು ವರ್ಷ ತಿಂಗ್ಳಿಗೆ 70,000, ಮೂರ್ನೇ ವರ್ಷ 75,000, ಆಮೇಲೆ 80,000, ಜೊತೆಗೆ ವರ್ಷಕ್ಕೆ 2 ಲಕ್ಷ ಸಂಶೋಧನಾ ಖರ್ಚಿಗೆ. ಒಂದೇ ಲ್ಯಾಬಲ್ಲಿ ಅಕ್ಕಪಕ್ಕ ಕೂತ ಇಬ್ರಲ್ಲಿ ಒಬ್ಬಂಗೆ 37, ಇನ್ನೊಬ್ಬಂಗೆ 70. ಚಾ ಕುಡಿಯೋವಾಗ ಬಿಲ್ ಯಾರು ಕೊಡ್ಬೇಕು ಅನ್ನೋದು ಮಾತ್ರ ಸುಲಭ ಆಗುತ್ತೆ. ಇಲ್ಲಿ ನಾನು ನೋಡಿದ ಹಾಗೆ ಸಿದ್ಧಾಂತ, ಮಾಡೆಲಿಂಗ್ ಒಲವು ಜೋರು, ಗಣಿತ ಚೆನ್ನಾಗಿರೋರಿಗೆ ಹಬ್ಬ. ನಾನು ಬೋರ್ಡಿನ ಮುಂದೆ ಒಂದು ಡಿಫರೆನ್ಷಿಯಲ್ ಈಕ್ವೇಷನ್ ಹಿಡ್ಕೊಂಡು ಬೆವರಿದ್ದು ನನಗೇ ನೆನಪು ಮಾಡ್ಕೊಳ್ಳೋಕೆ ಇಷ್ಟ ಇಲ್ಲ, ಮುಂದಕ್ಕೆ ಹೋಗೋಣ.

ಈಗ ಪುಣೆ. ಪಾಷಾಣ್ ಅನ್ನೋ ಬಡಾವಣೇಲಿರೋ ಐಐಟಿಎಂ, ಅಂದ್ರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಟ್ರಾಪಿಕಲ್ ಮೆಟಿಯೊರಾಲಜಿ, ಭೂವಿಜ್ಞಾನ ಮಂತ್ರಾಲಯದ್ದು. ಇಂಟರ್‌ವ್ಯೂನಲ್ಲಿ ಊರು ಶಿರಸಿ ಅಂದಿದ್ದೇ ತಡ, ಒಬ್ರು ಕನ್ನಡಕ ಮೇಲೆ ಮಾಡಿ, ಹಾಗಾದ್ರೆ ನಿಮ್ಮೂರ ಮಳೇನ ಸ್ಯಾಟಲೈಟು ಯಾಕೆ ಕಮ್ಮಿ ತೋರ್ಸುತ್ತೆ ಹೇಳಿ ಅಂದ್ರು. ಇದು ಮಾತ್ರ ನಂಗೆ ಗೊತ್ತಿತ್ತು, ಗಡಂಕಿಯಿಂದ ಬಂದ್ಮೇಲೆ ಛಲಕ್ಕೆ ಬಿದ್ದು ಓದಿದ್ದೆ. ಇನ್‌ಸ್ಯಾಟ್ ಉಪಗ್ರಹ ಮೇಲಿಂದ ನೋಡೋದು ಮೋಡದ ತಲೆ ಎಷ್ಟು ತಣ್ಣಗಿದೆ ಅಂತ, ತಣ್ಣಗಿದ್ದಷ್ಟೂ ಮೋಡ ಎತ್ತರ, ಮಳೆ ಜಾಸ್ತಿ ಅನ್ನೋ ಲೆಕ್ಕ. ಮೈಕ್ರೋವೇವ್ ಉಪಕರಣ ನೆಲದ ಮೇಲಿನ ಮಳೆ ಅಂದಾಜು ಮಾಡೋವಾಗ ಹೆಚ್ಚಾಗಿ ಮೋಡದೊಳಗಿನ ಮಂಜಿನ ಹರಳನ್ನ ನಂಬ್ಕೊಂಡಿರುತ್ತೆ. ಆದ್ರೆ ಜೂನ್ ಜುಲೈಲಿ ಘಟ್ಟಕ್ಕೆ ಬಡಿದು ಸುರಿಯೋ ಮೋಡ ಎಷ್ಟೋ ಸಲ ಗಿಡ್ಡ, ಬೆಚ್ಚಗೆ, ಹರಳೇ ಕಮ್ಮಿ. ಅಂಗಳದಲ್ಲಿ ಕೊಡ ತುಂಬ ನೀರು, ಸ್ಯಾಟಲೈಟಿಗೆ ಅದು ಸೋನೆ ಮಳೆ. ಜಿಪಿಎಂ ಉಪಗ್ರಹದಲ್ಲಿ ರಾಡಾರೇ ಇದ್ಯಲ್ಲ ಅಂದ್ರೆ, ಗುಡ್ಡದ ಮೇಲೆ ನೆಲದಿಂದ ಬರೋ ಪ್ರತಿಫಲನದ ಗಲಾಟೇಲಿ ಕೆಳಗಿನ ಒಂದೆರಡು ಕಿಲೋಮೀಟರ್ ಅದಕ್ಕೂ ಸರಿ ಕಾಣಲ್ಲ, ಗಿಡ್ಡ ಮೋಡ ಇರೋದೇ ಅಲ್ಲಿ. ಇಷ್ಟು ಹೇಳಿ ಅಜ್ಜನ ಪುಸ್ತಕದ ಸುದ್ದೀನೂ ಹೇಳ್ದೆ. ಹತ್ತು ನಿಮಿಷದ ಇಂಟರ್‌ವ್ಯೂ ಮುಕ್ಕಾಲು ಗಂಟೆ ಆಯ್ತು.

ಅವ್ರ ಹತ್ರ ಮಹಾಬಳೇಶ್ವರದಲ್ಲಿ 2012ರಿಂದ ಮೋಡ ಅಳೆಯೋದಕ್ಕೇ ಒಂದು ಲ್ಯಾಬ್ ಇದೆ, ಮೋಡ ಕಿಟಕಿಯಿಂದ ಒಳಗೆ ಬರೋ ಜಾಗ, ಹನಿ ಗಾತ್ರ ಅಳೆಯೋ ಡಿಸ್ಡ್ರೋಮೀಟರ್ ಇದೆ, ಬೇರೆ ರಾಡಾರುಗಳಿವೆ. ಅದೇ ಸಹ್ಯಾದ್ರಿ, ಅದೇ ಮಳೆ. ನನ್ನ ಮಟ್ಟಿಗೆ ಅಲ್ಲಿಗೆ ತೀರ್ಮಾನ ಆಯ್ತು. ಕೊರತೆಯೂ ಇದೆ. ಸಂಸ್ಥೆ ದೊಡ್ಡದು, ಹೆಚ್ಚಿನವ್ರು ಮುನ್ಸೂಚನೆ ಮಾಡೆಲ್ ಕಡೆಯೋರು, ಉಪಕರಣದ ಬಾಲ ಹಿಡಿದವ್ರು ಕೆಲವೇ ಜನ, ಗೈಡ್ ನೋಡಿ ಸೇರ್ಲಿಲ್ಲ ಅಂದ್ರೆ ನಾಲ್ಕು ವರ್ಷ ಕಂಪ್ಯೂಟರ್ ಪರದೆ ಬಿಟ್ಟು ಆಚೆ ಮೋಡ ನೋಡಲ್ಲ.

ಹೊರದೇಶಕ್ಕೂ ಕೈ ಹಾಕಿದ್ದೆ. 23 ಈಮೇಲು, 4 ಉತ್ತರ. ಜರ್ಮನಿಯಲ್ಲಿ ಪಿಎಚ್‌ಡಿ ಅಂದ್ರೆ ಬಹುಪಾಲು ನೌಕರಿನೇ, ಟಿವಿ-ಎಲ್ ಇ13 ಅನ್ನೋ ಸರ್ಕಾರಿ ವೇತನ ಶ್ರೇಣಿ, ಅದ್ರಲ್ಲಿ ಅರ್ಧ ಅಥವಾ ಮುಕ್ಕಾಲು ಭಾಗ ಕೊಡ್ತಾರೆ, ಸೋಷಿಯಲ್ ಸೆಕ್ಯೂರಿಟಿ ಸಮೇತ. ಹ್ಯಾಂಬರ್ಗಿನ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೇಲಿ ಅವ್ರದ್ದೇ ಡಾಕ್ಟರಲ್ ಸ್ಕೂಲ್ ಇದೆ. ಯುರೋಪಿನ ಮೇರಿ ಕ್ಯೂರಿ ನೆಟ್‌ವರ್ಕಿನ ಹುದ್ದೆಗಳು ಹೆಚ್ಚಾಗಿ 36 ತಿಂಗ್ಳು, ಹಿಂದಿನ ಮೂರು ವರ್ಷದಲ್ಲಿ ಆ ದೇಶದಲ್ಲಿ 12 ತಿಂಗ್ಳಿಗಿಂತ ಜಾಸ್ತಿ ಇದ್ದಿರ್ಬಾರ್ದು ಅಷ್ಟೇ, ನಮ್ಮಂಥೋರಿಗೆ ಅದು ತೊಂದ್ರೆನೇ ಅಲ್ಲ. ಅಮೆರಿಕದಲ್ಲಿ ರಿಸರ್ಚ್ ಅಸಿಸ್ಟೆಂಟ್‌ಶಿಪ್, ವಾರಕ್ಕೆ 20 ಗಂಟೆ ಲೆಕ್ಕ, ಟ್ಯೂಷನ್ ಫೀ ಮಾಫಿ, ಆದ್ರೆ ಅರ್ಜಿ ಹಾಕೋಕೇ ಒಂದೊಂದು ಯೂನಿವರ್ಸಿಟಿಗೆ ಡಾಲರ್ ತೆರ್ಬೇಕು, ನಾನು ಎರಡಕ್ಕೇ ನಿಲ್ಲಿಸ್ದೆ. ಒಂದು ವಿಡಿಯೋ ಇಂಟರ್‌ವ್ಯೂ ಬಂತು, ಜುಲೈ ತಿಂಗ್ಳು, ರಾತ್ರಿ ಹತ್ತು ಗಂಟೆ, ಜಡಿಮಳೆ. ಅವ್ರು ಮಳೆಯ ರಾಡಾರ್ ಬಗ್ಗೆ ಕೇಳ್ತಿದ್ದಾಗ್ಲೇ ಆ ಮಳೆಗೇ ಕರೆಂಟು ಹೋಯ್ತು. ನೆಟ್‌ವರ್ಕಿಗೆ ಅಂತ ಕೊಡೆ ಹಿಡ್ಕೊಂಡು ಗುಡ್ಡ ಹತ್ತೋಷ್ಟ್ರಲ್ಲಿ ಅವ್ರು ಹೋಗಿಯಾಗಿತ್ತು.

ಇನ್ನು ಪ್ರಾಜೆಕ್ಟ್ ಜೆಆರ್‌ಎಫ್. ಸಿಎಸ್‌ಐಆರ್ ನೆಟ್ ಅನ್ನೋ ರಾಷ್ಟ್ರ ಮಟ್ಟದ ಪರೀಕ್ಷೆ ಪಾಸಾಗಿ ಬರೋ ಫೆಲೋಶಿಪ್ ನಿಮ್ಮ ಹೆಸ್ರಿಗೆ ಇರುತ್ತೆ, ವರ್ಷಕ್ಕೆ 20,000 ಕಂಟಿಂಜೆನ್ಸಿ (ಸಂಶೋಧನೆಯ ಸಣ್ಣಪುಟ್ಟ ಖರ್ಚಿಗೆ) ಬೇರೆ. ಪ್ರಾಜೆಕ್ಟಿನ ದುಡ್ಡು ಪ್ರಾಜೆಕ್ಟಿನ ಹೆಸ್ರಿಗೆ, ಅದು ಮುಗಿದ್ರೆ ನೀವೂ ಮುಗಿದ ಹಾಗೆ, ಪಿಎಚ್‌ಡಿ ರಿಜಿಸ್ಟ್ರೇಷನ್ ಕೂಡ ತಾನಾಗೇ ಆಗಲ್ಲ. ಇದ್ರ ಮಧ್ಯೆ ನಾನು ಎಂಟು ತಿಂಗ್ಳು ಒಂದು ಕಡೆ ಹಾಗೆ ಕೆಲ್ಸ ಮಾಡ್ದೆ, ಹೆಸ್ರು ಬೇಡ. ಮೊದಲ ನಾಲ್ಕು ತಿಂಗ್ಳು ಒಂದು ರೂಪಾಯಿ ಬರ್ಲಿಲ್ಲ, ಮೇಲಿಂದ ಕಂತು ಬಿಡುಗಡೆ ಆಗಿಲ್ಲ ಅಂತ. ಆಯಿ ಸುಪಾರಿ ಮಾರಿದ ದುಡ್ಡಲ್ಲಿ ಕಳ್ಸಿದ್ರಿಂದ ನಡೀತು. ಆಮೇಲೆ ಒಟ್ಟಿಗೇ ಕೊಟ್ರು, ಸುಳ್ಳು ಹೇಳ್ಬಾರ್ದು, ಆದ್ರೆ ಪಿಜಿಯೋರು ಒಟ್ಟಿಗೇ ಬಾಡಿಗೆ ತಗೊಳ್ತೀನಿ ಅಂತ ಕಾಯ್ತಾರಾ.

ಡೇಟಾ ಎಷ್ಟು ವರ್ಷ ಬದ್ಕಿರುತ್ತೆ ಅನ್ನೋದನ್ನ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಮೇಘಾ-ಟ್ರಾಪಿಕ್ಸ್ ಅನ್ನೋ ಉಪಗ್ರಹ 2011ರ ಅಕ್ಟೋಬರಲ್ಲಿ ಹಾರಿತ್ತು, ಮಳೆ ನೋಡೋ ಅದರ ಮದ್ರಾಸ್ ಅನ್ನೋ ಮುಖ್ಯ ಉಪಕರಣ 2013ರ ಜನವರೀಲೇ ಕೆಟ್ಹೋಯ್ತು. ಅದನ್ನೇ ನಂಬಿ ವಿಷಯ ತಗೊಂಡವ್ರ ಗತಿ ಊಹಿಸಿ. ಒಂದೇ ಉಪಗ್ರಹದ ಮೇಲೆ ಪೂರ್ತಿ ಥೀಸಿಸ್ ಕಟ್ಟೋ ಗೈಡ್ ಸಿಕ್ರೆ, ಇದು ನಿಂತ್ರೆ ಮುಂದೇನು ಸರ್ ಅಂತ ಮೆಲ್ಲಗೆ ಕೇಳಿ. ನೆಲದ ಮೇಲಿನ ರಾಡಾರಾದ್ರೆ ಕೆಟ್ರೂ ಸ್ಕ್ರೂಡ್ರೈವರ್ ತಗೊಂಡು ಹೋಗ್ಬೋದು.

ಮಾಣಿಗೆ ಗಣಿತ ಚೆನ್ನಾಗಿದೆ ಅಂತ ಅವ್ನ ಅಪ್ಪಯ್ಯ ಹೇಳ್ತಿದ್ರು, ಹಾಗಿದ್ರೆ ಬೆಂಗ್ಳೂರು ಮೊದ್ಲು, ಅಹಮದಾಬಾದು ಆಮೇಲೆ. ಸೋಲ್ಡರಿಂಗ್ ಐರನ್ ಕಂಡ್ರೆ ಕಣ್ಣರಳುತ್ತೆ ಅಂತಾದ್ರೆ ಗಡಂಕಿ. ನೆಟ್ ವರ್ಷಕ್ಕೆ ಎರಡು ಸಲ ಬರುತ್ತೆ, ಫಿಸಿಕ್ಸ್ ಬೇಡ ಅಂದ್ರೆ ಭೂಮಿ-ವಾತಾವರಣ-ಸಾಗರ ವಿಜ್ಞಾನದ ಪೇಪರ್ರೇ ಬೇರೆ ಇದೆ, ಗೇಟ್ ಪರೀಕ್ಷೇಲೂ ಎಕ್ಸ್‌ಇ (ಎಂಜಿನಿಯರಿಂಗ್ ಸೈನ್ಸಸ್) ಪೇಪರಿನೊಳಗೆ ವಾತಾವರಣ ಸಾಗರ ವಿಜ್ಞಾನದ ಭಾಗ ಇದೆ. ನಂದು ಪುಣೇಲಿ ನಡೀತಿದೆ. ಅಜ್ಜನ ಪುಸ್ತಕ ಬೇಕು ಅಂತ ಗೈಡ್ ಕೇಳಿ ಒಂದು ವರ್ಷ ಆಯ್ತು, ಅಜ್ಜ ಮನೆಯಿಂದ ಹೊರಗೆ ಕಳ್ಸೋಕೆ ತಯಾರಿಲ್ಲ, ಬೇಕಿದ್ರೆ ಇಲ್ಲೇ ಕೂತು ಬರ್ಕೊಳ್ಳಿ ಅಂತಿದಾರೆ. ಅದ್ಕೇ ಹೋದ ತಿಂಗ್ಳು ಊರಿಗೆ ಬಂದಿದ್ದೆ. 1991ರವರ್ಗೂ ಫೋಟೋ ತೆಗ್ದು ಮುಗ್ಸಿದೀನಿ.