ಬದುಕುಳಿದವರನ್ನು ಹುಡುಕಲು ಯಾವ ಡ್ರೋನ್? ಮೂರನ್ನೂ ಹಾರಿಸಿ ನೋಡಿದ ಮೇಲೆ

ರಕ್ಷಣಾ ತರಬೇತಿಯಲ್ಲಿ ಮೂರು ಬಗೆಯ ಡ್ರೋನ್ ಹಾರಿಸಲು ಸಿಕ್ಕವು. ಒಂದರಲ್ಲಿ ಮಾಮೂಲಿ ಕ್ಯಾಮೆರಾ, ಒಳ್ಳೆಯ ಜೂಮ್. ಎರಡನೆಯದರಲ್ಲಿ 160×120 ಪಿಕ್ಸೆಲ್‌ನ ಅಗ್ಗದ ಥರ್ಮಲ್ ಕ್ಯಾಮೆರಾ, ಅಂದರೆ ಬೆಳಕಿನ ಬದಲು ಬಿಸಿಯನ್ನು ನೋಡಿ, ಬಿಸಿಯಾದದ್ದನ್ನು ಪರದೆಯಲ್ಲಿ ಬೆಳ್ಳಗೆ ತೋರಿಸುವಂಥದ್ದು. ಮೂರನೆಯದರಲ್ಲಿ 640×512 ಪಿಕ್ಸೆಲ್‌ನ ಥರ್ಮಲ್, ಜೊತೆಗೆ ಜೂಮ್ ಕೂಡ. ಕಾಂಕ್ರೀಟ್ ರಾಶಿ, ಪೊದೆ, ಕೆಸರಿನ ನಡುವೆ ಅಲ್ಲಲ್ಲಿ ಸ್ವಯಂಸೇವಕರು ಮಲಗಿದ್ದರು. ಅವರನ್ನು ಪತ್ತೆ ಹಚ್ಚಬೇಕಿತ್ತು.

ಕತ್ತಲಲ್ಲಿ ಮೊದಲನೆಯದು ಲೆಕ್ಕಕ್ಕೇ ಇಲ್ಲ. ನಿಜವಾದ ಪೈಪೋಟಿ ಎರಡು ಥರ್ಮಲ್‌ಗಳ ನಡುವೆ. ಸುಮಾರು 60 ಮೀಟರ್ ಎತ್ತರದಿಂದ ಅಗ್ಗದ ಕ್ಯಾಮೆರಾದ ಒಂದು ಪಿಕ್ಸೆಲ್ ನೆಲದ ಮೇಲೆ ಹೆಚ್ಚುಕಮ್ಮಿ 40 ಸೆಂ.ಮೀ. ಅಗಲವನ್ನು ನುಂಗುತ್ತದೆ. ಮಲಗಿದ ಮನುಷ್ಯ ಅಂದರೆ ಅಲ್ಲಿ ನಾಲ್ಕೈದು ಬಿಳಿ ಚುಕ್ಕೆ, ಅಷ್ಟೇ. ನಾಯಿಯೋ, ಮಗುವೋ, ಆರದ ಬೂದಿಯೋ ಹೇಳೋದು ಹೇಗೆ? ಖಚಿತ ಮಾಡಿಕೊಳ್ಳಲು ಪ್ರತಿ ಸಲ ಕೆಳಗಿಳಿಸಬೇಕು, ಬ್ಯಾಟರಿ ಅದರಲ್ಲೇ ಮುಗಿಯುತ್ತದೆ. ದೊಡ್ಡ ಸೆನ್ಸರ್‌ನಲ್ಲಿ ಅದೇ ಪಿಕ್ಸೆಲ್ 9 ಸೆಂ.ಮೀ. ಆಸುಪಾಸು. ತಲೆ ಯಾವುದು, ಕಾಲು ಯಾವುದು ತಿಳಿಯುತ್ತದೆ. ಒಬ್ಬರು ಕೈ ಬೀಸಿದ್ದೂ ಕಂಡಿತು.

ಹಾಗಂತ ದುಬಾರಿಯದೇ ಎಲ್ಲದಕ್ಕೂ ಸೈ ಅನ್ನಬೇಡಿ. ಬಿಸಿಲೇರಿದ ಮೇಲೆ ಕಾಂಕ್ರೀಟೇ ಮೈಯಷ್ಟು ಬಿಸಿಯಾಗುತ್ತದೆ. ಪರದೆ ತುಂಬಾ ಬೆಳ್ಳಗೆ, ಮನುಷ್ಯ ಅದರಲ್ಲೇ ಮಾಯ. ಆಗ ಮಾಮೂಲಿ ಕ್ಯಾಮೆರಾದ ಜೂಮ್ ಗೆದ್ದಿತು: ಕಲ್ಲಿನ ಸಂದಿಯಲ್ಲಿ ಅಂಗಿಯ ಒಂದು ಕೆಂಪು ತೋಳು ಅದಕ್ಕೇ ಮೊದಲು ಸಿಕ್ಕಿದ್ದು. ಥರ್ಮಲ್‌ಗೆ ನನ್ನ ಪ್ರಕಾರ ಸೂರ್ಯೋದಯಕ್ಕೆ ಮುಂಚಿನ ಹೊತ್ತೇ ಸರಿ. ರಾತ್ರಿಯಿಡೀ ನೆಲ ತಣ್ಣಗಾಗಿರುತ್ತದೆ, ಮೈ ಎದ್ದು ಕಾಣುತ್ತದೆ.

ಇನ್ನೊಂದು ತಮಾಷೆ. ಚಳಿಯಿಂದ ಕಾಪಾಡಲು ಹೊದಿಸುವ ಹೊಳೆಯುವ ಫಾಯಿಲ್ ಹೊದಿಕೆ ಇದೆಯಲ್ವಾ? ಮೈಯ ಬಿಸಿಯನ್ನು ಅದು ಒಳಗೇ ತಡೆಯುತ್ತದೆ, ಮೇಲಿನಿಂದ ಆಕಾಶದ ತಂಪನ್ನು ಪ್ರತಿಫಲಿಸುತ್ತದೆ. ಹೊದ್ದವರು ಪರದೆಯಲ್ಲಿ ಕಪ್ಪು ತೇಪೆ. ಎರಡೂ ಥರ್ಮಲ್‌ಗಳು ಮೋಸಹೋದವು. ಮಾಮೂಲಿ ಕ್ಯಾಮೆರಾಗೋ, ಬೆಳಕಿದ್ದರೆ ಅದರ ಹೊಳಪೇ ಗುರುತು.

ಒಂದನ್ನೇ ಆರಿಸು ಅಂದರೆ 640ರದ್ದನ್ನು ತಗೋತೀನಿ. ದುಡ್ಡು ಸಾಲದಿದ್ದರೆ? ಅಗ್ಗದ ಥರ್ಮಲ್ ಬೇಡ, ಒಳ್ಳೆಯ ಜೂಮ್ ಇರುವ ಮಾಮೂಲಿ ಡ್ರೋನೇ ಜಾಸ್ತಿ ಉಪಯೋಗ. ನೆರೆಯಲ್ಲಿ ಛಾವಣಿ ಹತ್ತಿ ಕುಳಿತವರನ್ನು ಹಗಲಲ್ಲಿ ಹುಡುಕಲು ಅಷ್ಟು ಸಾಕು.

ಅವಶೇಷದ ಅಡಿಯಲ್ಲಿ ಹೂತುಹೋದವರ ವಿಷಯದಲ್ಲಿ ಮಾತ್ರ ಮೂರಕ್ಕೂ ಸೊನ್ನೆ ಅಂಕ. ಥರ್ಮಲ್ ಗೋಡೆಯ ಆಚೆ ನೋಡುವುದಿಲ್ಲ, ಮೇಲ್ಮೈಯ ಬಿಸಿಯನ್ನಷ್ಟೇ ಓದುತ್ತದೆ. 2015ರ ನೇಪಾಳ ಭೂಕಂಪದಲ್ಲಿ ಚೌತಾರಾದ ಅವಶೇಷಗಳಡಿ ನಾಲ್ವರ ಎದೆಬಡಿತ ಹಿಡಿದದ್ದು ನೆಲದ ಮೇಲಿಟ್ಟು ಬಳಸುವ ಫೈಂಡರ್ ಎಂಬ ರಡಾರ್, ನಾಸಾದ ತಂತ್ರಜ್ಞಾನ. ಅವಶೇಷದಡಿಯ ಸದ್ದಿಗೆ ಕಿವಿಗೊಟ್ಟು ಕೇಳುವ ತಂಡಗಳಿಗಂತೂ ನಮ್ಮ ರೆಕ್ಕೆಗಳ ಗುಂಯ್ ಸದ್ದೇ ಕಾಟ. ಸದ್ದು ಬೇಡ ಎಂದು ಅವರು ಕೈ ಎತ್ತಿದ ಕೂಡಲೇ ಎಷ್ಟು ಬೆಲೆಯ ಡ್ರೋನಾದರೂ ದೂರ ಒಯ್ದು ಇಳಿಸಲೇಬೇಕು.