ಹಾಸನದ ಹೊರವಲಯದ ಬಾತುಮರಿ ಕೇಂದ್ರ: ಮರಿಗಳು ಚೆನ್ನ, ಮಾಹಿತಿ ಸಾಲದು

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯ ಬದಿಯಲ್ಲಿರುವ ಈ ಸಣ್ಣ ಕೇಂದ್ರದಲ್ಲಿ ಬಾತುಮರಿ ಕೊಳ್ಳಬಯಸುವವರು ಮೊದಲು ಮೊಟ್ಟೆಗಳಿಗೆ ಕಾವು ಕೊಡುವ ಕೋಣೆಯನ್ನು ನೋಡಬೇಕು. ಬಿಳಿ ಪೆಕಿನ್ ಮತ್ತು ಖಾಕಿ ಕ್ಯಾಂಪ್‌ಬೆಲ್ ತಳಿಗಳ ಮೊಟ್ಟೆಗಳನ್ನು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಡುತ್ತಾರೆ. ಕೊನೆಯ ಮೂರು ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳದಂತೆ ತೇವಾಂಶವನ್ನು ಹೆಚ್ಚಿಸುತ್ತಾರೆ. ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಚಿಪ್ಪನ್ನು ಸೀಳಿದ ಮರಿ ಪೂರ್ತಿ ಹೊರಬರಲು ಒಂದು ದಿನಕ್ಕೂ ಹೆಚ್ಚು ಸಮಯ ಹಿಡಿಯಬಹುದಾದರೂ ಇಲ್ಲಿನ ಕೆಲಸಗಾರರು ಅವಸರಪಟ್ಟು ಚಿಪ್ಪು ಬಿಡಿಸುವುದಿಲ್ಲ, ಏಕೆಂದರೆ ಆ ಅವಧಿಯಲ್ಲಿಯೇ ಮರಿಯು ಉಳಿದ ಹಳದಿ ಲೋಳೆಯನ್ನೂ ಪೊರೆಯ ರಕ್ತವನ್ನೂ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಈ ತಾಳ್ಮೆಯೇ ಕೇಂದ್ರದ ದೊಡ್ಡ ಗುಣವೆಂಬುದು ನನ್ನ ಅಭಿಪ್ರಾಯ.

ಬಣ್ಣದ ವಿಷಯದಲ್ಲಿ ಮಾತ್ರ ಮಾರಾಟಗಾರರ ವಿವರಣೆ ಸಾಲದು. ಮಕ್ಕಳ ಆಸೆಗೆಂದು ಹಳದಿ ಮರಿ ಕೊಂಡವರು (ಹೆಚ್ಚಿನವರು ಕೊಳ್ಳುವುದು ಅದನ್ನೇ), ಏಳೆಂಟು ವಾರಗಳಲ್ಲಿ ತುಪ್ಪಳ ಹೋಗಿ ಪೆಕಿನ್ ಬಿಳಿಯಾದಾಗ ಅಚ್ಚರಿಪಡುತ್ತಾರೆ. ಕಂದು ಮರಿಯಾಗಿ ಹುಟ್ಟುವ ಕ್ಯಾಂಪ್‌ಬೆಲ್‌ನ ಗಂಡಿಗೆ ತಲೆಯ ಕಂಚಿನ ಹೊಳಪೂ ಬಾಲದ ಸುರುಳಿ ಗರಿಯೂ ಬರುವುದು ಇನ್ನಷ್ಟು ತಡವಾಗಿ. ತಾಯಿಯ ಮೈಯೆಣ್ಣೆ ಸೋಕದ ಯಂತ್ರದ ಮರಿಗಳನ್ನು ಗರಿ ಮೂಡುವ ಮುನ್ನ ನೀರಿಗೆ ಬಿಟ್ಟರೆ ಮೈ ನೆನೆದು ಚಳಿಗೆ ಸಾಯಬಹುದೆಂಬ ಎಚ್ಚರಿಕೆಯನ್ನಾದರೂ, ಮುಖ್ಯವಾಗಿ ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಬರುವ ಗಿರಾಕಿಗಳಿಗೆ, ಬರೆದು ಕೊಡಬೇಕು. ಜೊತೆಗೆ ಮಾರುವ ಕೋಳಿಮರಿಯ ಆಹಾರದಲ್ಲಿ ನಯಾಸಿನ್ (ಬಿ3 ಜೀವಸತ್ವ) ಕಡಿಮೆಯಾದರೆ ಬಾತುಮರಿಯ ಕಾಲು ಸೊಟ್ಟಗಾಗುತ್ತದೆ ಎಂಬುದನ್ನೂ ಯಾರೂ ಹೇಳುವುದಿಲ್ಲ. ಬೆಲೆ ನ್ಯಾಯವಾಗಿದೆ, ರಟ್ಟಿನ ಪೆಟ್ಟಿಗೆಗೆ ಇನ್ನಷ್ಟು ಗಾಳಿಕಿಂಡಿ ಬೇಕು.