ಹಾಸನದ ಕೋಳಿಮರಿ ಅಂಗಡಿ: ಮರಿ ಗಟ್ಟಿ, ಬೋರ್ಡು ಸುಳ್ಳು

ಅಂಗಡಿಯ ಹೆಸರು ಬೇಡ. ಹಾಸನದಲ್ಲಿ ಸಂತೆಗೆ ಬಂದವರ ಕಣ್ಣಿಗೆ ಬೀಳುವ ಜಾಗದಲ್ಲೇ ಇದೆ, 'ಪಕ್ಕಾ ನಾಟಿ ಮರಿ' ಅಂತ ಬೋರ್ಡೂ ಇದೆ. ಮರಿಗಳ ಆರೋಗ್ಯಕ್ಕೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ತಳಿಯ ವಿಷಯಕ್ಕೆ ಒಂದೇ.

ಒಳ್ಳೆಯದು ಮೊದಲು. ಮರಿಗಳ ಹೊಕ್ಕುಳು ಒಣಗಿದೆ, ಹಿಂಭಾಗದಲ್ಲಿ ಹಿಕ್ಕೆ ಮೆತ್ತಿಲ್ಲ, ಅಂಗಾತ ಮಲಗಿಸಿದರೆ ತಟ್ಟನೆ ಎದ್ದು ನಿಲ್ಲುತ್ತವೆ. ನೂರು ಮರಿಯ ಪೆಟ್ಟಿಗೆಯಲ್ಲಿ ನಾಲ್ಕು ಖಾನೆ, ಖಾನೆಗೆ 25. ಸಕಲೇಶಪುರದ ಘಾಟಿ ಕಡೆ ಒಯ್ದರೂ ಒಂದರ ಮೇಲೊಂದು ಬಿದ್ದು ಸಾಯಲ್ಲ.

ಇನ್ನು 'ನಾಟಿ' ಪೆಟ್ಟಿಗೆ. ಬಣ್ಣ ಬಣ್ಣದ ಮರಿಗಳೇನೋ ಹೌದು, ಆದರೆ ಎಲ್ಲವೂ ಒಂದೇ ಗಾತ್ರ, ಕಾಲು ದಪ್ಪ. ಅದು ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ, ಕೆಟ್ಟದ್ದೇನಲ್ಲ. ಎಂಟು ವಾರಕ್ಕೆ ಕಿಲೋ ದಾಟುತ್ತೆ, ಅಷ್ಟರಲ್ಲಿ ನಾಟಿ ಅರ್ಧ ಕಿಲೋ ಆದರೆ ಹೆಚ್ಚು. ಮೊಟ್ಟೆ ವರ್ಷಕ್ಕೆ ಸುಮಾರು 130ರಿಂದ 150, ನಾಟಿ 50-60. ತೊಂದರೆ ಬೇರೆ ಇದೆ: ಗಿರಿರಾಜ ಹೇಂಟೆ ಕಾವಿಗೆ ಕೂರಲ್ಲ. ಮೊಟ್ಟೆಯನ್ನು ಬೇರೆ ಕೋಳಿಯ ಕೆಳಗಿಟ್ಟು ಮರಿ ಮಾಡಿಸಿದರೂ ಮುಂದಿನ ಪೀಳಿಗೆಗೆ ಅದೇ ಗುಣ ಇಳಿಯಲ್ಲ, ಇದು ಮಿಶ್ರತಳಿ. ಮನೆಯಲ್ಲೇ ಮರಿ ಮಾಡಿಸಿ ಹಿಂಡು ಬೆಳೆಸಬೇಕು ಅನ್ನೋರು ನಾಟಿ ಬೆಲೆ ಕೊಟ್ಟು ಇದನ್ನು ಒಯ್ದರೆ ಮೋಸ ಹೋದ ಹಾಗೆ. ತೋಟದಲ್ಲಿ ಹದ್ದು, ಮುಂಗುಸಿ ಕಾಟ ಇದ್ದರೆ ಸ್ವರ್ಣಧಾರ ಕೇಳಿ. ಗಿರಿರಾಜಕ್ಕಿಂತ ಹಗುರ, ಓಡಿ ತಪ್ಪಿಸಿಕೊಳ್ಳುತ್ತೆ, ಮೊಟ್ಟೆಯೂ ಹೆಚ್ಚು.

ಕಡಕ್‌ನಾಥ್ ಪೆಟ್ಟಿಗೆ ನೋಡಿ. ಮಾಂಸವೂ ಕಪ್ಪಗಿರುವ ಮಧ್ಯಪ್ರದೇಶದ ತಳಿ ಅದು, ಆದರೆ ಇಲ್ಲಿನ ಮರಿಗಳ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಆಸ್ಟ್ರೇಲಿಯಾ ಮೂಲದ ಕಪ್ಪು ಕೋಳಿ ಆಸ್ಟ್ರಲಾರ್ಪ್‌ನ ಮರಿ ಇರೋದೇ ಹೀಗೆ. ಬಾಯಿ ಬಿಡಿಸಿ ನೋಡಿ: ನಾಲಿಗೆ ಬೆಳ್ಳಗಿದ್ದರೆ ಕಡಕ್‌ನಾಥ್ ಅಲ್ಲ. ಕಪ್ಪಿದ್ದರೂ ಖಾತ್ರಿಯಿಲ್ಲ, ಬೆರಕೆಗೂ ಆ ಕಪ್ಪು ಇಳಿದು ಬರುತ್ತೆ. 'ಮೊಟ್ಟೆನೂ ಕಪ್ಪು' ಅಂತಾರೆ ಅಂಗಡಿಯವರು. ಈ ತಳಿಯ ತವರು ಝಾಬುವಾದ ಅಸಲಿ ಕೋಳಿಯೇ ಇಡೋದು ನಸು ಕಂದು ಮೊಟ್ಟೆ.

ದೊಡ್ಡ ಅನ್ಯಾಯ ಹಿಂದಿನ ಪಂಜರದಲ್ಲಿದೆ, 'ಮೊಟ್ಟೆಗೆ ಬಂದ ನಾಟಿ' ಅಂತ ಮಾರುವ ಕೋಳಿಗಳು. ಎಲ್ಲವೂ ಒಂದೇ ಕೆಂಗಂದು ಬಣ್ಣ. ಊರ ಹಿಂಡಿನಲ್ಲಿ ಎರಡು ಕೋಳಿ ಒಂದೇ ಥರ ಇರೋದುಂಟೇ? ಒಂದನ್ನು ಕೈಗೆತ್ತಿಕೊಂಡರೆ ಸಾಕು. ಮೇಲಿನ ಕೊಕ್ಕಿನ ತುದಿ ಫಾರಂನಲ್ಲಿ ಕತ್ತರಿಸಿ ಮೊಂಡಾಗಿದೆ, ಬಾಲದ ಗರಿ ಪಂಜರಕ್ಕೆ ಉಜ್ಜಿ ಸವೆದಿದೆ, ಜುಟ್ಟು ಒಂದು ಪಕ್ಕಕ್ಕೆ ಜೋತಿದೆ, ಹಳದಿ ಇರಬೇಕಾದ ಕಾಲು ಬಿಳಿಚಿಕೊಂಡಿದೆ. ಕಾಲಿನ ಹಳದಿಯೆಲ್ಲ ತಿಂಗಳುಗಟ್ಟಲೆ ಮೊಟ್ಟೆಯೊಳಗಿನ ಹಳದಿ ಭಾಗಕ್ಕೆ ಹೋಗಿದೆ. ಇವು ಫಾರಂನಲ್ಲಿ ಮೊಟ್ಟೆ ಇಟ್ಟು ಮುಗಿಸಿದ, ಬಿವಿ 380 ಥರದ (ಕಂದು ಮೊಟ್ಟೆಗೆಂದೇ ಸಾಕುವ ಫಾರಂ ತಳಿ) ಕೋಳಿಗಳು. ಸಾರಿಗಾದರೆ ಸರಿ, ಸಾಕಲು ಬೇಡ.

ಲಸಿಕೆ ಕೇಳಿದರೆ 'ಎಲ್ಲ ಆಗಿದೆ' ಅನ್ನೋದು ಉತ್ತರ. ಒಂದು ದಿನದ ಮರಿಗೆ ಸಾಮಾನ್ಯವಾಗಿ ಆಗಿರೋದು ಮರೆಕ್ಸ್ ರೋಗದ ಇಂಜೆಕ್ಷನ್ ಮಾತ್ರ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಲಸಿಕೆ 5ರಿಂದ 7ನೇ ದಿನ ಕಣ್ಣಿಗೆ ಒಂದು ಹನಿ, ಗುಂಬೋರೋ ರೋಗದ ಲಸಿಕೆ 14ನೇ ದಿನದ ಸುಮಾರಿಗೆ, ಇವೆರಡೂ ಕೊಂಡವರ ಕೆಲಸ. ಮಲೆನಾಡಿನ ಮಳೆಯಲ್ಲಿ ಲಸಿಕೆಗಿಂತ ಮೊದಲು ಬೇಕಾದ್ದು ಶಾಖ: ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ ಐದೈದು ಇಳಿಸಿ. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿ, ಗೋಡೆಗೆ ಸರಿದು ಬಾಯಿ ಬಿಟ್ಟರೆ ಸೆಕೆ. ಕರೆಂಟು ಹೋಗುವ ಊರಾದರೆ ಇದ್ದಿಲ ಬಕೆಟ್ ತಯಾರಿರಲಿ, ಹೊಗೆ ಹೊರಹೋಗಲು ಗಾಳಿ ದಾರಿಯೂ ಇರಲಿ.

ಇಲ್ಲೇ ಕೊಳ್ಳುವುದಾದರೆ ಗಿರಿರಾಜ ಅಂತಲೇ ಕೇಳಿ, ಗಿರಿರಾಜದ ಬೆಲೆಗೇ ಚೌಕಾಸಿ ಮಾಡಿ. ಬಿಲ್ಲಿನಲ್ಲಿ ತಳಿಯ ಹೆಸರು ಬರೆಸಿ. ಬೋರ್ಡಿನ ಮೇಲೆ ಅಷ್ಟಗಲ 'ನಾಟಿ' ಬರೆಸಿದವರು ಬಿಲ್ಲಿನಲ್ಲಿ ಮಾತ್ರ 'ಮರಿ - 50' ಅಂತ ಬರೆದು ಪೆನ್ನು ಮುಚ್ಚುತ್ತಾರೆ.